ಕೊಟ್ಟೂರು ತೇರು, ದಾರಿಯುದ್ದಕ್ಕೂ ದಾಸೋಹ

ಹೂವಿನಹಡಗಲಿಯ ನೆರೆಯ ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರರ ರಥೋತ್ಸವ ನಡೆಯುವುದು ಮಾಘದ ಕೃಷ್ಣಪಕ್ಷದಲ್ಲಿ, ಮೂಲಾ ನಕ್ಷತ್ರ ಕೂಡಿದಾಗ. ಭಕ್ತರ ಬಾಯಲ್ಲಿ ಈ ವೀರಶೈವ ಸಂತ ‘ಕೊಟ್ಟೂರು ದೊರೆ’.

ಜಾತ್ರೆಯ ನಿಜವಾದ ಸೊಗಸು ಊರಿಗೆ ಬರುವ ದಾರಿಯಲ್ಲೇ ಇದೆ. ದಾವಣಗೆರೆ ಕಡೆಯಿಂದ ಸಾವಿರಾರು ಜನ ಪಾದಯಾತ್ರೆ ಹೊರಡುತ್ತಾರೆ. ಬಿಸಿಲಿಗೆ ಬಳಲಿದವರಿಗೆ ದಾರಿಬದಿಯ ಹಳ್ಳಿಗರು ಮಜ್ಜಿಗೆ, ಪಾನಕ, ಹಣ್ಣು ಕೊಡುತ್ತಾರೆ. ಅನ್ನ ಸಾರು ಬಡಿಸುತ್ತಾರೆ. ಯಾರ ಜಾತಿಯನ್ನೂ ಕೇಳದ ಈ ಊಟಕ್ಕೆ ದಾಸೋಹವೆಂದೇ ಹೆಸರು.

ದಲಿತ ಮಹಿಳೆಯ ಆರತಿಯಾದ ಮೇಲೆಯೇ ಸ್ವಾಮಿ ತೇರಿನತ್ತ ಹೊರಡುವುದು. ಇದು ಜಾತ್ರೆಯ ಅತ್ಯಂತ ಘನವಾದ ಗಳಿಗೆ. ತೇರು ಕದಲಿದೊಡನೆ ಭಕ್ತರ ಕೈಯಿಂದ ಅದರತ್ತ ಬಾಳೆಹಣ್ಣು, ಉತ್ತತ್ತಿ ಹಾರುತ್ತವೆ.

ಹೀಗೆ ಎಳೆಯುವಾಗಲೇ 2017ರ ಫೆಬ್ರವರಿಯಲ್ಲಿ ತೇರು ಉರುಳಿಬಿದ್ದಿತ್ತು. ಹೊಸ ತೇರು ಕಟ್ಟಿ ಮತ್ತೆ ಎಳೆದರು.

ಪ್ರತಿ ಸಲವೂ ತೇರು ನಿಂತ ಮೇಲೆ ಜನ ಮುಗಿಬೀಳುವುದು ಮಂಡಕ್ಕಿ, ಬಿಸಿ ಮಿರ್ಚಿಗೆ.