ನೋಟು ಹೊಸದು, ಸಂತೆ ಲೆಕ್ಕ ಹಳೆಯದು

ಸೇಲಂ/ಧರ್ಮಪುರಿ: ರೂ. 2,000ದ ಗುಲಾಬಿ ನೋಟು ಬಂದದ್ದು 2016ರ ನವೆಂಬರ್‌ನಲ್ಲಿ. ಅದನ್ನು ವಾಪಸ್ ಪಡೆಯುವುದಾಗಿ ರಿಸರ್ವ್ ಬ್ಯಾಂಕ್ ಪ್ರಕಟಿಸಿದ್ದು 2023ರ ಮೇ 19ರಂದು. ಏಳು ವರ್ಷ ಕೂಡ ಬಾಳದ ಈ ನೋಟಿನ ಹೆಸರಲ್ಲಿ ಪಕ್ಷಗಳು ಮಾಡಿದ ಭಾಷಣಕ್ಕೆ ಲೆಕ್ಕವಿಲ್ಲ. ಆದರೆ ಮಗ್ಗ, ರೇಷ್ಮೆ ಗೂಡು, ಟೊಮೆಟೊ ನಂಬಿಕೊಂಡ ಇಲ್ಲಿನ ಕನ್ನಡ ಕುಟುಂಬಗಳ ಲೆಕ್ಕವೇ ಬೇರೆ. ಶನಿವಾರ ಕೈಗೆ ಬಂದ ದುಡ್ಡು ಮುಂದಿನ ಶನಿವಾರದ ತನಕ ಬರುತ್ತದೋ ಇಲ್ಲವೋ ಎಂಬುದೇ ಅವರಿಗೆ ಮುಖ್ಯ.

ಸೇಲಂನ ದೇವಾಂಗ ನೇಕಾರರಲ್ಲಿ, ಧರ್ಮಪುರಿ ಕಡೆಯ ಒಕ್ಕಲಿಗ, ಲಿಂಗಾಯತ, ಕುರುಬ ಮನೆಗಳಲ್ಲಿ ಕನ್ನಡ ಮನೆಮಾತಾಗಿ ಉಳಿದಿದೆ. ಶಾಲೆ, ಕಚೇರಿ, ಸಂತೆಯಲ್ಲಿ ತಮಿಳು. ಮೈಸೂರಿನ ಆಳ್ವಿಕೆಯಲ್ಲಿದ್ದ ಬಾರಾಮಹಲ್ ಸೀಮೆ 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪುವಿನ ಕೈತಪ್ಪಿ ಕಂಪನಿ ಪಾಲಾಯಿತು. ವರಹ, ಹಣಗಳ ಕಾಲ ಮುಗಿದು ರೂಪಾಯಿ ಬಂತು. ಈಗಿನ ನೋಟಿನ ಭಾಷಾ ಪಟ್ಟಿಯಲ್ಲಿ ಕನ್ನಡದ್ದು ನಾಲ್ಕನೇ ಸಾಲು, ತಮಿಳಿನದ್ದು ಹದಿಮೂರನೆಯದು. ಕನ್ನಡ ಮಾತಾಡಿ ತಮಿಳು ಓದುವ ಮನೆಗಳಿಗೆ ಎರಡೂ ತಮ್ಮವೇ.

ವಾರದ ಕೂಲಿಗೆ ಪೆಟ್ಟು

2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿ ನೋಟು ರದ್ದಾದಾಗ ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಶೇ. 86ರಷ್ಟು ಒಂದೇ ಏಟಿಗೆ ಹೋಯಿತು. ಮಗ್ಗದ ಕೂಲಿ, ಬೆಳ್ಳಿ ಕಾಲ್ಗೆಜ್ಜೆ ಕೆಲಸದ ಮಜೂರಿ, ಪಾಲಕ್ಕೋಡು ಮಂಡಿಯ ಟೊಮೆಟೊ ವ್ಯವಹಾರ, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರ ಬಟವಾಡೆ ಎಲ್ಲವೂ ಹೆಚ್ಚಾಗಿ ನಗದಿನಲ್ಲೇ ನಡೆಯುವಂಥವು. ಹಾಗಾಗಿ ಕಪ್ಪುಹಣದವರಿಗಿಂತ ಮೊದಲು ಪೆಟ್ಟು ಬಿದ್ದದ್ದು ಇವರಿಗೆ.

ಬ್ಯಾಂಕಿನಲ್ಲಿ ಮೊದಲು ರೂ. 4,000, ಆಮೇಲೆ ರೂ. 4,500, ಕೊನೆಗೆ ಬರೀ ರೂ. 2,000 ಬದಲಾಯಿಸಿಕೊಳ್ಳಲು ಅವಕಾಶವಿತ್ತು. ನವೆಂಬರ್ 24ಕ್ಕೆ ಅದೂ ನಿಂತಿತು. ಮತ್ತೆ ಮತ್ತೆ ಬರುವವರನ್ನು ತಡೆಯಲು ಬೆರಳಿಗೆ ಚುನಾವಣೆಯ ಶಾಯಿ ಹಚ್ಚಿದರು. ಆ ಶಾಯಿ ತಯಾರಾದದ್ದು ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆಯಲ್ಲಿ. ಹೊಸ 2,000ದ ನೋಟು ಅಚ್ಚಾದದ್ದೂ ಮೈಸೂರಿನಲ್ಲೇ.

ಇದಕ್ಕಿಂತ ದೊಡ್ಡ ತೊಂದರೆ ಸಹಕಾರಿ ಬ್ಯಾಂಕುಗಳಿಂದ ಬಂತು. ನವೆಂಬರ್ 14ರಂದು ರಿಸರ್ವ್ ಬ್ಯಾಂಕ್ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳು ಹಳೆ ನೋಟು ಮುಟ್ಟಕೂಡದು ಎಂದಿತು. ರೈತರ ಪ್ರಾಥಮಿಕ ಸಂಘಗಳು, ಕೈಮಗ್ಗ ನೇಕಾರರ ಸಂಘಗಳು ಸಾಲಕ್ಕೂ ಜಮೆಗೂ ನೆಚ್ಚಿಕೊಂಡಿರುವುದು ಇದೇ ಬ್ಯಾಂಕುಗಳನ್ನು. ಬಿತ್ತನೆ ಕಾಲದಲ್ಲಿ ಸಂಘದ ಬಾಗಿಲು ತೆರೆದಿದ್ದರೂ ಒಳಗೆ ದುಡ್ಡಿಲ್ಲ ಎಂಬಂತಾಯಿತು.

ಫಲ? ರದ್ದಾದ ರೂ. 15.41 ಲಕ್ಷ ಕೋಟಿಯಲ್ಲಿ ರೂ. 15.31 ಲಕ್ಷ ಕೋಟಿ, ಅಂದರೆ ಶೇ. 99.3 ವಾಪಸ್ ಬಂತು ಎಂದು ರಿಸರ್ವ್ ಬ್ಯಾಂಕೇ 2018ರ ವಾರ್ಷಿಕ ವರದಿಯಲ್ಲಿ ಹೇಳಿತು.

ಚಿಲ್ಲರೆಯ ತಲೆನೋವು

2,000ದ ನೋಟು ಕೈಗೆ ಸಿಕ್ಕರೂ ಅದನ್ನು ಮುರಿಸುವುದೇ ಕಷ್ಟವಾಗಿತ್ತು. ನೂರು ರೂಪಾಯಿ ಸಾಮಾನಿಗೆ ಎರಡು ಸಾವಿರ ಚಾಚಿದರೆ ಯಾವ ಅಂಗಡಿಯವನು ತಾನೇ ಕೊಟ್ಟಾನು? 2017ರ ಆಗಸ್ಟ್‌ನಲ್ಲಿ ಹಳದಿ ಬಣ್ಣದ 200ರ ನೋಟು, ಹಂಪಿಯ ಕಲ್ಲಿನ ರಥವಿರುವ ಹೊಸ 50ರ ನೋಟು ಬಂದ ಮೇಲೆ ಉಸಿರಾಡುವಂತಾಯಿತು.

ನಾಣ್ಯದ ಕಥೆ ಇನ್ನೂ ವಿಚಿತ್ರ. ನಕಲಿ ಎಂಬ ಗಾಳಿಮಾತಿಗೆ ತಮಿಳುನಾಡಿನ ಹಲವೆಡೆ 10 ರೂಪಾಯಿ ನಾಣ್ಯವನ್ನು ಯಾರೂ ಮುಟ್ಟದಾದರು. ಹದಿನಾಲ್ಕು ವಿನ್ಯಾಸದ ನಾಣ್ಯಗಳೂ ಅಸಲಿ ಎಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಸ್ಪಷ್ಟಪಡಿಸಿದರೂ ಜನ ನಂಬಲಿಲ್ಲ. ಕಡೆಗೆ 2022ರಲ್ಲಿ ಧರ್ಮಪುರಿ ಜಿಲ್ಲೆಯವರೊಬ್ಬರು ಬರೀ 10ರ ನಾಣ್ಯ ಕೊಟ್ಟೇ ಸುಮಾರು ರೂ. 6 ಲಕ್ಷದ ಕಾರು ಕೊಂಡು ಎಲ್ಲರ ಕಣ್ಣು ತೆರೆಸಿದರು.

ಪಕ್ಷಕ್ಕೊಂದು ಲೆಕ್ಕ

ನೋಟು ರದ್ದತಿ ಕಪ್ಪುಹಣದ ಮೇಲಿನ ಯುದ್ಧ ಎಂದು ಬಿಜೆಪಿ ಹೇಳಿತು. ಬಡವರ ಹೊಟ್ಟೆಗೆ ಹೊಡೆದರು ಎಂದು ಡಿಎಂಕೆ ಬೀದಿಗಿಳಿಯಿತು. ಅದೇ ದಿನಗಳಲ್ಲಿ ಸೇಲಂ ನಗರದಲ್ಲಿ ವಾಹನ ತಪಾಸಣೆ ವೇಳೆ ಬಿಜೆಪಿ ಯುವ ಘಟಕದ ಸ್ಥಳೀಯ ಪದಾಧಿಕಾರಿಯೊಬ್ಬರ ಬಳಿ ಹೊಸ ನೋಟುಗಳೂ ಸೇರಿ ರೂ. 20 ಲಕ್ಷಕ್ಕೂ ಹೆಚ್ಚು ನಗದು ಸಿಕ್ಕಿತು. ಪಕ್ಷ ಅವರನ್ನು ಹೊರಹಾಕಿತು.

ಉಳಿದವರೇನೂ ಕಡಿಮೆಯಿಲ್ಲ. 2017ರ ಏಪ್ರಿಲ್‌ನಲ್ಲಿ ಚೆನ್ನೈನ ಆರ್.ಕೆ. ನಗರ ಉಪಚುನಾವಣೆ ಹಣ ಹಂಚಿಕೆಯ ಕಾರಣಕ್ಕೇ ರದ್ದಾಯಿತು. ಆಗ ಬೊಟ್ಟು ತೋರಿದ್ದು ಅಣ್ಣಾ ಡಿಎಂಕೆಯ ಒಂದು ಬಣದ ಕಡೆಗೆ. ಡಿಸೆಂಬರ್‌ನಲ್ಲಿ ಮತ್ತೆ ಮತದಾನ ನಡೆದಾಗ 20 ರೂಪಾಯಿ ನೋಟನ್ನೇ ಟೋಕನ್ ಮಾಡಿ ಹಂಚಿದರು ಎಂಬ ಆರೋಪ ಬಂತು. 2019ರಲ್ಲಿ ವೇಲೂರು ಲೋಕಸಭಾ ಚುನಾವಣೆ ರದ್ದಾದದ್ದು ಡಿಎಂಕೆ ಅಭ್ಯರ್ಥಿಯ ಕಡೆಯವರಲ್ಲಿ ನಗದು ಸಿಕ್ಕ ಮೇಲೆ. ನೋಟಿನ ಬಣ್ಣ ಬದಲಾಯಿತೇ ವಿನಾ ಹಂಚುವ ಕೈ ಬದಲಾಗಲಿಲ್ಲ.

ಸುಪ್ರೀಂ ಕೋರ್ಟ್ 2023ರ ಜನವರಿ 2ರಂದು ನೋಟು ರದ್ದತಿಯನ್ನು 4-1ರಲ್ಲಿ ಎತ್ತಿಹಿಡಿಯಿತು. ಪೀಠದ ಮುಖ್ಯಸ್ಥ ನ್ಯಾ. ಎಸ್. ಅಬ್ದುಲ್ ನಜೀರ್ ಕನ್ನಡನಾಡಿನವರು. ಗೆಜೆಟ್ ಅಧಿಸೂಚನೆ ಸಾಲದು, ಸಂಸತ್ತಿನ ಕಾಯ್ದೆ ಬೇಕಿತ್ತು ಎಂದು ಭಿನ್ನ ತೀರ್ಪು ಬರೆದ ನ್ಯಾ. ಬಿ.ವಿ. ನಾಗರತ್ನ ಅವರೂ ಕನ್ನಡಿಗರೇ.

ಈಚೆ ಸಾವಿರ, ಆಚೆ ಎರಡು ಸಾವಿರ

ತಮಿಳುನಾಡಿನ ಮಹಿಳೆಯರಿಗೆ ತಿಂಗಳಿಗೆ ರೂ. 1,000 ಕೊಡುವ ಯೋಜನೆಯ ಅರ್ಜಿ ಶಿಬಿರಕ್ಕೆ ಆಗಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ 2023ರ ಜುಲೈ 24ರಂದು ಚಾಲನೆ ಕೊಟ್ಟದ್ದು ಧರ್ಮಪುರಿ ಜಿಲ್ಲೆಯ ತೊಪ್ಪೂರಿನಲ್ಲಿ. ಮುಂದಿನ ತಿಂಗಳೇ ಮೈಸೂರಿನಲ್ಲಿ ಕರ್ನಾಟಕದ ಗೃಹಲಕ್ಷ್ಮಿ ಶುರುವಾಯಿತು. ಅಲ್ಲಿ ರೂ. 2,000. ಗಡಿಯಾಚೆ ಮದುವೆಯಾಗಿ ಹೋದ ಮಗಳಿಗೆ ಎರಡು ಸಾವಿರ, ಈಚೆ ಇರುವ ತಾಯಿಗೆ ಒಂದು ಸಾವಿರ ಎಂದಾಗ ಮನೆಮನೆಯಲ್ಲೂ ಹೋಲಿಕೆ ಎದ್ದಿತು. ಈಚೆ ರೇಷನ್ ಅಂಗಡಿಯಲ್ಲಿ ಅಕ್ಕಿ ಪುಕ್ಕಟೆ. 2023ರಲ್ಲಿ ಧರ್ಮಪುರಿ ಜಿಲ್ಲೆಗೆ ಎರಡು ಕೆ.ಜಿ. ರಾಗಿಯೂ ಬಂತು. ಮುದ್ದೆ ಉಣ್ಣುವ ಮನೆಗಳಿಗೆ ಅದು ದೊಡ್ಡದೇ.

ಆದರೆ ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಹೋಗುತ್ತಿತ್ತು. 2023ರ ಮಾರ್ಚ್‌ನಲ್ಲಿ ಅಡುಗೆ ಅನಿಲದ ಸಿಲಿಂಡರ್ ಚೆನ್ನೈ ದರದಲ್ಲಿ ರೂ. 1,118.50 ಮುಟ್ಟಿತ್ತು. ಕೇಂದ್ರ ಏರಿಸಿತು ಎಂದು ಡಿಎಂಕೆ, 2021ರ ಪ್ರಣಾಳಿಕೆಯಲ್ಲಿ ಹೇಳಿದ ರೂ. 100ರ ಸಬ್ಸಿಡಿ ಎಲ್ಲಿ ಎಂದು ಎದುರಾಳಿಗಳು. ಆ ವರ್ಷ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿ, ದೇಶದ ಚಿಲ್ಲರೆ ಹಣದುಬ್ಬರ ಶೇ. 7.44ಕ್ಕೆ ಏರಿತು. ಬೆಳೆದವರಿಗಾದರೂ ಲಾಭವಾಯಿತೇ ಅಂದರೆ, ಫಸಲು ಸುರಿದು ಬಂದ ಕೂಡಲೇ ಬೆಲೆ ನೆಲಕಚ್ಚಿತು. 2022ರ ಸೆಪ್ಟೆಂಬರ್‌ನಲ್ಲಿ ಕರೆಂಟ್ ದರ ಏರಿಸಿದ ಸರ್ಕಾರ ಮುಂದಿನ ಮಾರ್ಚ್‌ನಲ್ಲಿ ಕೈಮಗ್ಗಕ್ಕೆ ಉಚಿತ ವಿದ್ಯುತ್ತನ್ನು 200ರಿಂದ 300 ಯೂನಿಟ್‌ಗೆ, ವಿದ್ಯುತ್ ಮಗ್ಗಕ್ಕೆ 750ರಿಂದ 1,000 ಯೂನಿಟ್‌ಗೆ ಹೆಚ್ಚಿಸಿತು.

ಬೆಳ್ಳಿಯದ್ದು ಇನ್ನೊಂದು ಪಾಡು. 2016ರ ಕೊನೆಗೆ ಕಿಲೋಗೆ ರೂ. 40 ಸಾವಿರದ ಆಸುಪಾಸಿನಲ್ಲಿದ್ದದ್ದು 2025ರ ಡಿಸೆಂಬರ್‌ನಲ್ಲಿ ರೂ. 2 ಲಕ್ಷ ದಾಟಿತು. ಬೆಲೆ ಹೀಗೆ ಏರಿದರೆ ಸಣ್ಣ ಕಾಲ್ಗೆಜ್ಜೆ ಕಾರ್ಖಾನೆಯವರು ಬೆಳ್ಳಿ ಕೊಳ್ಳಲು ಎಲ್ಲಿಂದ ಬಂಡವಾಳ ತಂದಾರು?

ಚಿಲ್ಲರೆ ಬೆಲೆ ಸೂಚ್ಯಂಕ 2016ರ ನವೆಂಬರ್‌ನಲ್ಲಿ 131ರ ಆಸುಪಾಸು ಇತ್ತು. 2025ರ ಕೊನೆಗೆ 197 ಮೀರಿತು. ಅಂದರೆ ಅಂದು ರೂ. 500ಕ್ಕೆ ಬರುತ್ತಿದ್ದ ಸಾಮಾನಿಗೆ ಸುಮಾರು ರೂ. 750 ಬೇಕು. ಈ ಒಂಬತ್ತು ವರ್ಷದಲ್ಲಿ ಮಗ್ಗದ ಕೂಲಿ ಒಂದೂವರೆ ಪಟ್ಟು ಏರಿದೆಯೇ? ಓಟು ಕೇಳಲು ಬರುವವರು ಯಾವ ಪಕ್ಷದವರಾದರೂ ಸರಿ, ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು.

ಗಮನಿಸಿ: 2,000ದ ನೋಟು ಉಳಿದಿದೆಯೇ?

* ಪೆಟ್ಟಿಗೆ, ಅಕ್ಕಿ ಡಬ್ಬಿ, ಸೀರೆ ಮಡಿಕೆಯಲ್ಲಿ ಮರೆತ ನೋಟು ಸಿಕ್ಕರೆ ಹೆದರಬೇಕಿಲ್ಲ. ನೋಟಿನ ಕಾನೂನು ಮಾನ್ಯತೆಯನ್ನು ರಿಸರ್ವ್ ಬ್ಯಾಂಕ್ ರದ್ದು ಮಾಡಿಲ್ಲ.

* ಮಾಮೂಲಿ ಬ್ಯಾಂಕ್ ಶಾಖೆಗಳಲ್ಲಿ ಬದಲಾವಣೆ 2023ರ ಅಕ್ಟೋಬರ್ 7ಕ್ಕೆ ಮುಗಿದಿದೆ. ಆಮೇಲೆ ರಿಸರ್ವ್ ಬ್ಯಾಂಕಿನ 19 ಕಚೇರಿಗಳಲ್ಲಿ ಮಾತ್ರ ಅವಕಾಶ.

* ಧರ್ಮಪುರಿಯವರಿಗೆ ಚೆನ್ನೈಗಿಂತ ಬೆಂಗಳೂರಿನ ನೃಪತುಂಗ ರಸ್ತೆಯ ಕಚೇರಿಯೇ ಹತ್ತಿರ. ಖುದ್ದು ಹೋಗಲಾಗದವರು ಗುರುತಿನ ದಾಖಲೆ, ಖಾತೆ ವಿವರದೊಂದಿಗೆ ಅಂಚೆಯಲ್ಲೂ ಕಳಿಸಬಹುದು.

* ದಲ್ಲಾಳಿಗಳಿಗೆ ಕಮಿಷನ್ ಕೊಟ್ಟು ಮೋಸ ಹೋಗಬೇಡಿ.