ಮೂಲ ಯಾವುದು, ನಕಲು ಯಾವುದು?

ನಮ್ಮ ಕರುಳಿನಲ್ಲಿ ಮನೆ ಮಾಡಿಕೊಂಡಿರುವ ಇ. ಕೋಲಿ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಸುಮಾರು 46 ಲಕ್ಷ ಅಕ್ಷರಜೋಡಿಗಳಿವೆ. ಅಕ್ಷರಗಳು ನಾಲ್ಕೇ: ಎ, ಟಿ, ಜಿ, ಸಿ. ಎ ಎದುರು ಟಿ, ಜಿ ಎದುರು ಸಿ, ಇಷ್ಟೇ ನಿಯಮ. ಕೋಶ ಎರಡಾಗುವ ಮುನ್ನ ಇಷ್ಟಕ್ಕೂ ಒಂದು ನಕಲು ತಯಾರಾಗಬೇಕು. ಒಂದೇ ಜಾಗದಿಂದ ಎರಡು ದಿಕ್ಕಿಗೆ ಹೊರಟ ಕಿಣ್ವಗಳ ತಂಡಗಳು ಸೆಕೆಂಡಿಗೆ ಸಾವಿರದಂತೆ ಅಕ್ಷರ ಪೋಣಿಸುತ್ತ ಸುಮಾರು 40 ನಿಮಿಷದಲ್ಲಿ ಕೆಲಸ ಮುಗಿಸುತ್ತವೆ. ಇಷ್ಟು ಅವಸರದ ಕೆಲಸದಲ್ಲೂ ಕೊನೆಗೆ ಉಳಿಯುವ ತಪ್ಪು ನೂರು ಕೋಟಿಯಿಂದ ಸಾವಿರ ಕೋಟಿ ಅಕ್ಷರಗಳಿಗೆ ಒಂದು. ಅಂದರೆ ಪೂರ್ತಿ ಡಿಎನ್‌ಎಯನ್ನು ಇನ್ನೂರು ಸಲ ನಕಲು ಮಾಡಿದರೂ ತಪ್ಪುವುದು ಹೆಚ್ಚೆಂದರೆ ಒಂದೋ ಎರಡೋ ಅಕ್ಷರ.

ಎ-ಟಿ, ಜಿ-ಸಿ ನಡುವಿನ ಸೆಳೆತವೇ ಇದಕ್ಕೆ ಕಾರಣ ಎಂದು ಪಠ್ಯಪುಸ್ತಕ ಓದಿದವರಿಗೆ ಅನಿಸುತ್ತದೆ. ಆದರೆ ಬರೀ ಆ ಸೆಳೆತವನ್ನು ನೆಚ್ಚಿಕೊಂಡರೆ ಕೆಲವೇ ನೂರು ಅಕ್ಷರಗಳೊಳಗೆ ತಪ್ಪು ನುಸುಳುತ್ತದೆ. ನಕಲು ಮಾಡುವ ಪಾಲಿಮರೇಸ್ ಕಿಣ್ವ ನೋಡುವುದು ಮುಖ್ಯವಾಗಿ ಆಕಾರವನ್ನು. ಅದರ ರಚನೆ ಅರೆತೆರೆದ ಬಲಗೈಯಂತಿದೆ. ವಿಜ್ಞಾನಿಗಳೂ ಅದರ ಭಾಗಗಳನ್ನು ಬೆರಳು, ಅಂಗೈ, ಹೆಬ್ಬೆರಳು ಎಂದೇ ಕರೆಯುತ್ತಾರೆ. ಹೊಸ ಅಕ್ಷರ ಒಳಗೆ ಬಂದಾಗ ಬೆರಳು ಮುಚ್ಚಿಕೊಳ್ಳುತ್ತದೆ. ಜೋಡಿ ಸರಿಯಿದ್ದರೆ ಸರಿಯಾಗಿ ಕೂರುತ್ತದೆ, ತಪ್ಪಿದ್ದರೆ ಮುಷ್ಟಿ ಕೂಡಿಕೊಳ್ಳುವುದಿಲ್ಲ. 1997ರಲ್ಲಿ ಎರಿಕ್ ಕೂಲ್ ಅವರ ತಂಡ ಇದನ್ನು ಜಾಣತನದಿಂದ ಪರೀಕ್ಷಿಸಿತು. ಟಿ ಅಕ್ಷರದ ಆಕಾರವೇ ಇರುವ, ಆದರೆ ಎ ಜೊತೆ ಹೈಡ್ರೋಜನ್ ಬಂಧ ಬೆಸೆಯುವ ಶಕ್ತಿ ಇಲ್ಲವೇ ಇಲ್ಲ ಎನ್ನಬಹುದಾದ ಒಂದು ಅಣುವನ್ನು ಅವರು ಡಿಎನ್‌ಎಯೊಳಗೆ ಸೇರಿಸಿದರು. ಕಿಣ್ವ ಅದರ ಎದುರು ಎ ಅಕ್ಷರವನ್ನೇ ತಂದು ಕೂರಿಸಿತು.

ಆದರೂ ಲಕ್ಷಕ್ಕೊಂದು ತಪ್ಪು ಆಗಿಯೇ ಆಗುತ್ತದೆ. ತಪ್ಪಾದ ತುದಿ ಸರಿಯಾಗಿ ಅಂಟಿಕೊಳ್ಳದೆ ಅಲ್ಲಾಡುತ್ತದೆ, ಮುಂದಿನ ಅಕ್ಷರ ಸೇರಿಸುವುದು ತಡವಾಗುತ್ತದೆ. ಆ ತಡದಲ್ಲೇ ತುದಿ ಮೂಲ ಎಳೆಯಿಂದ ಬಿಚ್ಚಿಕೊಂಡು ಕತ್ತರಿಸುವ ಇನ್ನೊಂದು ಜಾಗಕ್ಕೆ ಜಾರುತ್ತದೆ. ಅದು ಕೇವಲ ಮೂರು ನ್ಯಾನೋಮೀಟರಿನಷ್ಟು ದೂರದಲ್ಲಿದೆ. ಅಲ್ಲಿ ತಪ್ಪು ಅಕ್ಷರ ಕತ್ತರಿಸಿ ಬೀಳುತ್ತದೆ, ಎಳೆ ಹಿಂದಿರುಗುತ್ತದೆ, ಕೆಲಸ ಮುಂದುವರಿಯುತ್ತದೆ. ಡಗ್ಲಾಸ್ ಬ್ರುಟ್‌ಲಾಗ್ ಮತ್ತು ಆರ್ಥರ್ ಕಾರ್ನ್‌ಬರ್ಗ್ ಈ ತಿದ್ದುಪಡಿಯನ್ನು ತೋರಿಸಿಕೊಟ್ಟದ್ದು 1972ರಲ್ಲಿ. ಇದರಿಂದ ಲಕ್ಷಕ್ಕೊಂದು ಇದ್ದ ತಪ್ಪು ಕೋಟಿಗೊಂದು ಎನ್ನುವಷ್ಟು ಇಳಿಯುತ್ತದೆ.

ನಿಜವಾದ ಪೇಚು ಶುರುವಾಗುವುದು ಇದರ ಆಚೆಗೆ. ಕಿಣ್ವ ತಪ್ಪನ್ನು ಗಮನಿಸದೆ ಮುಂದೆ ಹೋಗಿಬಿಟ್ಟಿತು ಎನ್ನೋಣ. ಈಗ ಜಿ ಎದುರು ಟಿ ಕೂತಿದೆ. ಜೋಡಿ ಸರಿಯಿಲ್ಲ ಎಂದು ಯಾರು ಬೇಕಾದರೂ ಹೇಳಬಹುದು. ಆದರೆ ತಿದ್ದಬೇಕಾದ್ದು ಜಿ ಅನ್ನೋ ಟಿ ಅನ್ನೋ? ಎರಡೂ ಅಕ್ಷರಗಳು ತಮ್ಮಷ್ಟಕ್ಕೆ ಸರಿಯಾದವೇ. ಕುರುಡಾಗಿ ತಿದ್ದಿದರೆ ಅರ್ಧದಷ್ಟು ಸಲ ಮೂಲವನ್ನೇ ಕೆಡಿಸಿ, ತಪ್ಪನ್ನು ಶಾಶ್ವತ ಮಾಡಿದಂತೆ.

ಇ. ಕೋಲಿ ಕಂಡುಕೊಂಡ ದಾರಿ ಸೊಗಸಾಗಿದೆ. ಅದರ ಡಿಎನ್‌ಎಯಲ್ಲಿ ಜಿಎಟಿಸಿ ಎಂಬ ಅಕ್ಷರಗುಚ್ಛ ಬಂದಲ್ಲೆಲ್ಲ ಎ ಮೇಲೆ ಮೀಥೈಲ್ ಎಂಬ ಪುಟ್ಟ ಗುರುತು ಇರುತ್ತದೆ. ಈ ಗುರುತು ಹಾಕುವ ಡ್ಯಾಮ್ ಎಂಬ ಕಿಣ್ವ ನಕಲಿನ ಹಿಂದೆಯೇ ಬರುತ್ತದಾದರೂ ಸ್ವಲ್ಪ ನಿಧಾನ. ಹಾಗಾಗಿ ಕೆಲವು ನಿಮಿಷ ಹಳೆಯ ಎಳೆಯಲ್ಲಿ ಮಾತ್ರ ಗುರುತು, ಹೊಸದು ಬೋಳು. ಇನ್ನೂ ಶಾಯಿ ಆರದ ಹಾಳೆಯೇ ನಕಲು ಎಂದು ಗುರುತಿಸಿದ ಹಾಗೆ. ಮಟ್‌ಎಸ್ ಎಂಬ ಪ್ರೋಟೀನು ತಪ್ಪು ಜೋಡಿಯನ್ನು ಹಿಡಿಯುತ್ತದೆ, ಮಟ್‌ಎಲ್ ಅದರ ಜೊತೆಗೂಡುತ್ತದೆ, ಮಟ್‌ಎಚ್ ಹತ್ತಿರದ ಜಿಎಟಿಸಿಯಲ್ಲಿ ಬೋಳು ಎಳೆಯನ್ನಷ್ಟೇ ಕತ್ತರಿಸುತ್ತದೆ. ಅಲ್ಲಿಂದ ತಪ್ಪಿನ ಆಚೆಯವರೆಗೆ ಎಳೆಯನ್ನು ಕಿತ್ತು ಹೊಸದಾಗಿ ಬರೆಯಲಾಗುತ್ತದೆ. ಒಂದು ಅಕ್ಷರಕ್ಕಾಗಿ ಸಾವಿರ ಅಕ್ಷರ ಕಿತ್ತುಹಾಕುವುದೂ ಉಂಟು! ದುಂದು ಎನಿಸಬಹುದು, ಆದರೆ ಮೂಲ ಕೆಡುವ ಭಯವಿಲ್ಲ.

ಇದು ಬರೀ ಊಹೆಯಲ್ಲ ಎನ್ನಲು ನನಗೆ ಹಿಡಿಸಿದ ಸಾಕ್ಷ್ಯ ಹೀಗಿದೆ: ಡ್ಯಾಮ್ ಇಲ್ಲದ ಬ್ಯಾಕ್ಟೀರಿಯಾಗಳಲ್ಲಿ ತಪ್ಪು ಹೆಚ್ಚುತ್ತದೆ, ಡ್ಯಾಮ್ ಅತಿಯಾದವುಗಳಲ್ಲೂ ಹೆಚ್ಚುತ್ತದೆ. ಗುರುತೇ ಇಲ್ಲದಿದ್ದರೂ, ಎರಡೂ ಎಳೆಗೆ ಕೂಡಲೇ ಗುರುತು ಬಿದ್ದರೂ ಮೂಲ-ನಕಲು ಭೇದ ಅಳಿಸಿಹೋಗುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಪಾಲ್ ಮಾಡ್ರಿಚ್ 1989ರಲ್ಲಿ ಈ ಇಡೀ ರಿಪೇರಿಯನ್ನು ಶುದ್ಧೀಕರಿಸಿದ ಪ್ರೋಟೀನುಗಳಿಂದಲೇ ಪ್ರನಾಳದಲ್ಲಿ ಮಾಡಿ ತೋರಿಸಿದರು. 2015ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು.

ಮನುಷ್ಯರ ಕೋಶಗಳು ಈ ಮೀಥೈಲ್ ಗುರುತನ್ನು ಬಳಸುವುದಿಲ್ಲ. ಹೊಸ ಎಳೆಯಲ್ಲಿ ಇನ್ನೂ ಬೆಸೆಯದೆ ಉಳಿದ ಬಿರುಕುಗಳೇ ನಮಗೆ ಸುಳಿವು. ತಪ್ಪು ಹಿಡಿಯುವ ಪ್ರೋಟೀನುಗಳು ಮಾತ್ರ ಬ್ಯಾಕ್ಟೀರಿಯಾದವುಗಳ ದಾಯಾದಿಗಳೇ. ಮಟ್‌ಎಸ್‌ನ ಸಂಬಂಧಿ ನಮ್ಮಲ್ಲಿ ಎಂಎಸ್‌ಎಚ್2.

ಅದು ಕೆಟ್ಟರೆ ಏನಾಗುತ್ತದೆ? 1895ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ರೋಗವಿಜ್ಞಾನಿ ಆಲ್ಡ್ರೆಡ್ ವಾರ್ಥಿನ್ ಅವರಿಗೆ ಬಟ್ಟೆ ಹೊಲಿದುಕೊಡುತ್ತಿದ್ದ ಹೆಂಗಸು, ತನ್ನ ಮನೆತನದ ಹಲವರಂತೆ ತಾನೂ ಕ್ಯಾನ್ಸರಿಗೇ ತುತ್ತಾಗುತ್ತೇನೆ ಎಂದಿದ್ದಳು. ಹಾಗೆಯೇ ಆಯಿತು, ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡಳು. ವಾರ್ಥಿನ್ ಆ ಮನೆತನದ ವಂಶಾವಳಿಯನ್ನು 1913ರಲ್ಲಿ ಪ್ರಕಟಿಸಿದರು. ಇಂಥ ಕುಟುಂಬಗಳ ಬೆನ್ನುಹತ್ತಿದ ಹೆನ್ರಿ ಲಿಂಚ್ ಅವರ ಹೆಸರು ಮುಂದೆ ಕಾಯಿಲೆಗೇ ನಿಂತಿತು: ಲಿಂಚ್ ಸಿಂಡ್ರೋಮ್. 1993ರಲ್ಲಿ ಈ ರೋಗಿಗಳ ಗಡ್ಡೆಗಳ ಡಿಎನ್‌ಎಯಲ್ಲಿ ಒಂದೇ ಬಗೆಯ ಅಕ್ಷರಗಳು ಪದೇಪದೇ ಬರುವ ಭಾಗಗಳು ಎಲ್ಲೆಂದರಲ್ಲಿ ಉದ್ದ-ಗಿಡ್ಡ ಆಗಿರುವುದು ಕಂಡುಬಂತು. ರಿಪೇರಿ ಕೆಟ್ಟ ಬ್ಯಾಕ್ಟೀರಿಯಾ, ಯೀಸ್ಟ್‌ಗಳಲ್ಲಿ ಇದೇ ಲಕ್ಷಣ ನೋಡಿದ್ದವರಿಗೆ ಕೂಡಲೇ ಹೊಳೆಯಿತು. ಅದೇ ವರ್ಷ ಎಂಎಸ್‌ಎಚ್2 ಜೀನ್ ಸಿಕ್ಕಿಬಿತ್ತು. ವಾರ್ಥಿನ್ ಕಂಡ ಮನೆತನದಲ್ಲೂ ಕೆಟ್ಟಿದ್ದದ್ದು ಅದೇ ಜೀನ್.

ಇಂಥ ಗಡ್ಡೆಗಳಲ್ಲಿ ತಪ್ಪು ಎಷ್ಟು ಸೇರಿರುತ್ತದೆಂದರೆ, ಅವುಗಳಿಂದ ತಯಾರಾಗುವ ವಿಚಿತ್ರ ಪ್ರೋಟೀನುಗಳನ್ನು ನಮ್ಮ ರೋಗನಿರೋಧಕ ವ್ಯವಸ್ಥೆ ಪರಕೀಯ ಎಂದು ಗುರುತಿಸಬಲ್ಲದು. ಆ ವ್ಯವಸ್ಥೆಯ ಕಡಿವಾಣ ಸಡಿಲಿಸುವ ಪೆಂಬ್ರೊಲಿಜುಮ್ಯಾಬ್ ಔಷಧಕ್ಕೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು, ಗಡ್ಡೆ ಯಾವ ಅಂಗದ್ದು ಎಂಬುದನ್ನು ಬದಿಗಿಟ್ಟು, ಈ ರಿಪೇರಿ ಕೆಟ್ಟಿದೆಯೇ ಎಂಬುದರ ಮೇಲೆ. ಕರುಳಿನ ಕ್ಯಾನ್ಸರಿನ ಬಯಾಪ್ಸಿ ವರದಿಯಲ್ಲಿ ಎಂಎಂಆರ್ ಎಂಬ ಸಾಲು ಕಂಡರೆ ಅಲ್ಲಿ ಪರೀಕ್ಷಿಸಿರುವುದು ಇದನ್ನೇ: ಎಂಎಸ್‌ಎಚ್2, ಎಂಎಸ್‌ಎಚ್6, ಎಂಎಲ್‌ಎಚ್1, ಪಿಎಂಎಸ್2 ಎಂಬ ನಾಲ್ಕು ರಿಪೇರಿ ಪ್ರೋಟೀನುಗಳು ಗಡ್ಡೆಯ ಕೋಶಗಳಲ್ಲಿ ಇವೆಯೇ, ಕಾಣೆಯಾಗಿವೆಯೇ ಎಂದು. ಕಾಣೆಯಾಗಿದ್ದು, ಅದು ವಂಶದಲ್ಲೇ ಬಂದ ದೋಷ ಎಂದು ಜೀನ್ ಪರೀಕ್ಷೆಯಲ್ಲಿ ಖಚಿತವಾದರೆ, ರೋಗಿಯ ಒಡಹುಟ್ಟಿದವರೂ ಮಕ್ಕಳೂ ಆ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ. ದೋಷ ಇರುವವರಿಗೆ ಯೌವನದಿಂದಲೇ ಕೊಲೊನೋಸ್ಕೋಪಿ ಮಾಡಿಸುತ್ತಿರಲು ವೈದ್ಯರು ಹೇಳುತ್ತಾರೆ.