ಬೆನ್ನೆಲುಬಿನ ಪಾರ್ಶ್ವವಕ್ರತೆಯೂ ಪ್ರಸವವೂ

ಬೆನ್ನೆಲುಬು ಪಕ್ಕಕ್ಕೆ ಬಾಗಿರುವ ಹೆಣ್ಣುಮಗಳು ಗರ್ಭವನ್ನು ಹೊರಬಲ್ಲಳೇ, ಹೊತ್ತರೆ ಸುಖವಾಗಿ ಹೆರಬಲ್ಲಳೇ ಎಂಬ ಪ್ರಶ್ನೆ ಹಳೆಯದು. ಹಿಂದಿನ ಪ್ರಸೂತಿಶಾಸ್ತ್ರ ಇದಕ್ಕೆ ಕೊಡುತ್ತಿದ್ದ ಉತ್ತರ ಬಹುಮಟ್ಟಿಗೆ ಭಯವನ್ನು ಹುಟ್ಟಿಸತಕ್ಕದ್ದಾಗಿತ್ತು. ಆ ಭಯ ನಿರಾಧಾರವಾದುದೇನೂ ಅಲ್ಲ. ಬಾಲ್ಯದ ರಿಕೆಟ್ಸ್ ರೋಗದಿಂದ ಬೆನ್ನಿನೊಡನೆ ಶ್ರೋಣಿಯ ಮೂಳೆಗಳೂ ವಿಕಾರಗೊಂಡವರು, ಪೋಲಿಯೊ ತಗುಲಿ ಉಸಿರಾಟದ ಸ್ನಾಯುಗಳೇ ಸೋತವರು, ಕ್ಷಯದಿಂದ ಬೆನ್ನಿನ ಮಣಿಗಳು ಕುಸಿದವರು, ಇವರೆಲ್ಲರನ್ನೂ 'ಗೂನುಬೆನ್ನಿನವರು' ಎಂಬ ಒಂದೇ ಹೆಸರಿನ ಕೆಳಗೆ ಸೇರಿಸಿ ನೋಡಿದುದರ ಫಲ ಅದು. ಇಂದು ಈ ಪ್ರಶ್ನೆಯನ್ನು ಕೇಳುವ ಬಹುಪಾಲು ತರುಣಿಯರ ವಕ್ರತೆ ಬೇರೆ ಜಾತಿಯದು. ಇವರ ಪಾಲಿಗೆ ಅಪಾಯ ಎಲ್ಲಿ ಉಂಟು, ಎಲ್ಲಿ ಇಲ್ಲ ಎಂಬುದನ್ನು ಇಲ್ಲಿ ವಿವೇಚಿಸುವೆವು.

ಮೊದಲು ಮಾತಿನ ಗೊಂದಲವೊಂದನ್ನು ಬಿಡಿಸಬೇಕು. ಗೂನು ಎಂದೊಡನೆ ನಮ್ಮ ಜನಕ್ಕೆ ನೆನಪಾಗುವವಳು ಮಂಥರೆ. ಆದರೆ ಮುಂದಕ್ಕೆ ಬಾಗಿ ಹಿಂದೆ ಉಬ್ಬುವ ಗೂನು ಬೇರೆ. ಸ್ಕೋಲಿಯೋಸಿಸ್ ಎಂಬ ಪಾರ್ಶ್ವವಕ್ರತೆ ಬೇರೆ. ಇದರಲ್ಲಿ ಬೆನ್ನೆಲುಬು ಎಡಕ್ಕೋ ಬಲಕ್ಕೋ ಬಾಗುವುದಲ್ಲದೆ ಮಣಿಗಳು ತಮ್ಮ ಅಕ್ಷದ ಸುತ್ತ ತಿರುಚಿಕೊಂಡಿರುತ್ತವೆ. ಬಾಗಿನ ಅಳತೆಗೆ ಅಮೆರಿಕದ ಶಸ್ತ್ರವೈದ್ಯ ಜಾನ್ ಕಾಬ್ 1948ರಲ್ಲಿ ಪ್ರಕಟಿಸಿದ ಕೋನಮಾನವೇ ಈಗಲೂ ರೂಢಿಯಲ್ಲಿದೆ. 10 ಡಿಗ್ರಿ ಅಥವಾ ಅದಕ್ಕೆ ಮೀರಿದುದನ್ನು ಮಾತ್ರ ಈ ಹೆಸರಿನಿಂದ ಕರೆಯುತ್ತಾರೆ. ಹದಿಹರೆಯದಲ್ಲಿ ಕಾಣಿಸಿಕೊಂಡು ಕಾರಣ ತಿಳಿಯದೆ ಉಳಿಯುವ ಬಗೆಯೇ ಎಲ್ಲಕ್ಕಿಂತ ಸಾಮಾನ್ಯ. ಆ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಇದು ಇರುತ್ತದೆ. ಅಲ್ಪ ವಕ್ರತೆ ಗಂಡು ಹೆಣ್ಣುಗಳಲ್ಲಿ ಹೆಚ್ಚು ಕಡಮೆ ಸಮನಾಗಿದ್ದರೂ, 30 ಡಿಗ್ರಿಯನ್ನು ದಾಟಿದವರಲ್ಲಿ ಹುಡುಗಿಯರೇ ಬಹುಸಂಖ್ಯಾತರು. ಪ್ರಸೂತಿಶಾಸ್ತ್ರಕ್ಕೂ ಇದಕ್ಕೂ ನಂಟು ಬಿದ್ದಿರುವುದು ಹೀಗೆ.

ಈಗ ನಿಜವಾದ ಅಪಾಯದ ವಿಚಾರ. ಗರ್ಭಕಾಲದಲ್ಲಿ ಆರೋಗ್ಯವಂತ ಸ್ತ್ರೀಯ ಆಮ್ಲಜನಕದ ವ್ಯಯವೇ ಸುಮಾರು ಐದರಲ್ಲೊಂದು ಪಾಲು ಏರುತ್ತದೆ. ಹೃದಯವು ನಿಮಿಷಕ್ಕೆ ಹೊರದೂಡುವ ರಕ್ತ ನೂರಕ್ಕೆ 30ರಿಂದ 50ರಷ್ಟು ಹೆಚ್ಚುತ್ತದೆ. ಬೆಳೆಯುತ್ತಿರುವ ಗರ್ಭಕೋಶವು ವಪೆಯನ್ನು ಸುಮಾರು 4 ಸೆಂಟಿಮೀಟರ್ ಮೇಲಕ್ಕೆ ತಳ್ಳುತ್ತದೆ. ಈ ಇಕ್ಕಟ್ಟನ್ನು ದೇಹವು ಎದೆಗೂಡನ್ನು ಅಗಲಿಸಿಕೊಂಡು ಸರಿದೂಗಿಸುತ್ತದೆ. ಆದರೆ ತೀವ್ರ ವಕ್ರತೆಯುಳ್ಳವಳ ಪಕ್ಕೆಲುಬುಗಳು ಬಿಗಿದುಕೊಂಡಿರುವುದರಿಂದ ಆಕೆಯ ಎದೆಗೂಡು ಅಷ್ಟಾಗಿ ಅಗಲಿಸಲಾರದು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಕೋನ ಎಷ್ಟು ಎಂಬುದರಷ್ಟೇ ವಕ್ರತೆ ಯಾವಾಗ ಮೊದಲಾಯಿತು ಎಂಬುದೂ ಮುಖ್ಯ. ಶ್ವಾಸಕೋಶದ ಗಾಳಿಗೂಡುಗಳು ಬಹುಪಾಲು ಬೆಳೆಯುವುದು ಬಾಳಿನ ಮೊದಲ ಕೆಲವು ವರ್ಷಗಳಲ್ಲಿ. ಎಳವೆಯಲ್ಲಿಯೇ ಎದೆ ಡೊಂಕಾದವಳಿಗೆ ಆ ಬೆಳವಣಿಗೆಯೇ ಕುಂಠಿತವಾಗಿರುತ್ತದೆ. ಹನ್ನೆರಡನೆಯ ವಯಸ್ಸಿನಲ್ಲಿ ಡೊಂಕು ತೋರಿದವಳ ಶ್ವಾಸಕೋಶ ಆ ವೇಳೆಗೆ ಬೆಳೆದು ನಿಂತಿರುತ್ತದೆ. ಕನ್ನಡಿಯ ಮುಂದೆ ಇಬ್ಬರೂ ಒಂದೇ ತೆರನಾಗಿ ಕಂಡಾರು; ಉಸಿರಿನ ಅಳತೆಯಲ್ಲಿ ಮಾತ್ರ ಅಜಗಜಾಂತರ.

ಆದಕಾರಣ ತೀವ್ರ ವಕ್ರತೆಯುಳ್ಳವರು ಗರ್ಭ ಧರಿಸುವ ಮುನ್ನವೇ ಶ್ವಾಸಪರೀಕ್ಷೆಯನ್ನೂ ಹೃದಯದ ಪ್ರತಿಧ್ವನಿ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು. ಒಮ್ಮೆ ಪೂರ್ಣವಾಗಿ ಎಳೆದು ಹೊರಬಿಡಬಲ್ಲ ಗಾಳಿ ಇರತಕ್ಕದ್ದರ ಅರ್ಧಕ್ಕಿಂತ ಕಡಮೆಯಾದರೆ, ಅಥವಾ ಒಂದು ಲೀಟರಿನ ಆಸುಪಾಸಿಗೆ ಇಳಿದರೆ, ಎಚ್ಚರ ಅಗತ್ಯ. ಅಂಥವರೂ ರಾತ್ರಿಯ ಹೊತ್ತು ಉಸಿರಾಟದ ಯಂತ್ರದ ನೆರವು ಪಡೆದು, ತಜ್ಞರ ಕಣ್ಗಾವಲಿನಲ್ಲಿ ಹೆತ್ತಿರುವುದುಂಟು. ಆದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದ್ದರೆ ಮಾತು ಬೇರೆ. ಆಗ ಗರ್ಭಧಾರಣೆ ಬೇಡವೆಂದೇ ವೈದ್ಯರು ಹೇಳುತ್ತಾರೆ. ಹಾಗೆ ಹೇಳುವುದು ನಿಷ್ಠುರವಾದರೂ ಪ್ರಾಣದ ಪ್ರಶ್ನೆ. ಹೆರಿಗೆಯಾದ ಮೇಲಿನ ಮೊದಲ ದಿನಗಳೇ ಇಂಥವರಿಗೆ ಅತಿ ಕಠಿಣ. ಜನ್ಮದಿಂದಲೇ ಮಣಿಗಳು ವಿಕಾರವಾಗಿರುವವರಲ್ಲಿ ಮೂತ್ರಪಿಂಡಗಳ ದೋಷವೂ ಜೊತೆಗೂಡಿರಬಹುದಾದ್ದರಿಂದ ಅದನ್ನೂ ಪರೀಕ್ಷಿಸಬೇಕು.

ಗರ್ಭ ನಿಂತರೆ ಬೆನ್ನು ಇನ್ನಷ್ಟು ಬಾಗೀತೆಂಬ ಅಂಜಿಕೆ ಮನೆಮನೆಯಲ್ಲಿದೆ. ಬೆಟ್ಸ್ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂಳೆಗಳ ಬೆಳವಣಿಗೆ ಮುಗಿದ 355 ಸ್ತ್ರೀಯರನ್ನು ಪರಿಶೀಲಿಸಿದ್ದರು. ಅವರಲ್ಲಿ 175 ಮಂದಿ ಗರ್ಭ ಧರಿಸಿದ್ದವರು, 180 ಮಂದಿ ಎಂದೂ ಧರಿಸದವರು. ವಕ್ರತೆಯ ಏರಿಕೆಯಲ್ಲಿ ಈ ಎರಡು ಗುಂಪುಗಳ ನಡುವೆ ಗಣನೀಯ ಭೇದ ಕಾಣಲಿಲ್ಲ. ಬೆನ್ನುನೋವು ಹೆಚ್ಚಬಹುದೆಂಬುದು ದಿಟ. ಆದರೆ ನೇರ ಬೆನ್ನಿನ ಗರ್ಭಿಣಿಯೂ ಬೆನ್ನುನೋವಿನಿಂದ ಮುಕ್ತಳಲ್ಲ.

ಹೆರಿಗೆಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಗರ್ಭಕೋಶದ ಸಂಕೋಚನಕ್ಕೂ ಬೆನ್ನಿನ ಡೊಂಕಿಗೂ ಸಂಬಂಧವಿಲ್ಲ. ವಕ್ರತೆ ಎದೆಯ ಭಾಗದಲ್ಲಿದ್ದರೆ ಶ್ರೋಣಿಯ ದಾರಿ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ; ಸೊಂಟದ ಕೆಳಭಾಗಕ್ಕೆ ಇಳಿದು ಶ್ರೋಣಿಯನ್ನೇ ವಾಲಿಸಿದ್ದರೆ ಮಗುವಿನ ನೆಲೆಯನ್ನು ನೋಡಿಕೊಳ್ಳಬೇಕು. ಬೆನ್ನು ಡೊಂಕೆಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಮಾಡುವುದು ನಮ್ಮ ಅಭಿಪ್ರಾಯದಲ್ಲಿ ಯುಕ್ತವಲ್ಲ.

ತೊಡಕು ಇರುವುದು ಅರಿವಳಿಕೆಯಲ್ಲಿ. ಹೆರಿಗೆಯ ನೋವನ್ನು ತಗ್ಗಿಸಲು, ಅಥವಾ ಹೊಟ್ಟೆ ಕೊಯ್ದು ಮಗುವನ್ನು ತೆಗೆಯಬೇಕಾದಾಗ, ಸೊಂಟದ ಮಣಿಗಳ ಸಂದಿನಲ್ಲಿ ಸೂಜಿಯಿಟ್ಟು ಔಷಧ ಕೊಡುವುದು ವಾಡಿಕೆ. ವೈದ್ಯನು ಬೆರಳಿನಿಂದ ಮಣಿಗಳ ಮುಳ್ಳುಗಳನ್ನು ತಡವಿ ನಡುಗೆರೆಯನ್ನು ಗೊತ್ತುಮಾಡಿಕೊಳ್ಳುತ್ತಾನೆ. ತಿರುಚಿದ ಬೆನ್ನಿನಲ್ಲಿ ಈ ಮುಳ್ಳುಗಳು ಬಾಗಿನ ಒಳಮಗ್ಗುಲಿಗೆ ವಾಲಿರುವುದರಿಂದ ಕೈಗೆ ಸಿಕ್ಕುವ ನಡುಗೆರೆ ನಿಜವಾದ ನಡುಗೆರೆಯಲ್ಲ. ಮಣಿಗಳ ಸಂದು ಅಗಲವಾಗಿರುವುದು ಹೊರಮಗ್ಗುಲಿನಲ್ಲಿ. ಸೂಜಿಯ ದಾರಿಯೂ ಅತ್ತ ಕಡೆಯಿಂದಲೇ ಸುಲಭ. ಈಗ ಧ್ವನಿತರಂಗದ ಯಂತ್ರದಿಂದ ಆ ಸಂದನ್ನು ಮೊದಲೇ ಗುರುತಿಸಿಕೊಳ್ಳಬಹುದಾಗಿದೆ.

ಶಸ್ತ್ರಚಿಕಿತ್ಸೆಯಾದ ಬೆನ್ನಿನ ಸಂಗತಿ ಇನ್ನೂ ಸೂಕ್ಷ್ಮ. ಹೂಸ್ಟನ್ ನಗರದ ಪಾಲ್ ಹ್ಯಾರಿಂಗ್ಟನ್ ಪೋಲಿಯೊಪೀಡಿತ ಮಕ್ಕಳಿಗಾಗಿ ಲೋಹದ ಸರಳನ್ನು ರೂಪಿಸಿ 1962ರಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದರು. ಅಲ್ಲಿಂದೀಚೆಗೆ ಸಲಕರಣೆಗಳು ಬಹಳ ಬದಲಾಗಿದ್ದರೂ ತತ್ತ್ವ ಒಂದೇ: ಬೆನ್ನನ್ನು ಸರಳುಗಳಿಂದ ನೆಟ್ಟಗೆ ಹಿಡಿದು, ಮೂಳೆಯ ಚೂರುಗಳನ್ನು ಹೊದಿಸಿ, ಮಣಿಗಳನ್ನು ಒಂದಾಗಿ ಬೆಸೆಯುವುದು. ಬೆಸೆದ ಕಡೆ ಸೂಜಿಗೆ ಹಾದಿಯಿಲ್ಲ. ಬೆಸುಗೆ ಸೊಂಟದ ಮೂರನೆಯ ಮಣಿಗೆ ನಿಂತಿದ್ದರೆ ಅದರ ಕೆಳಗಿನ ಸಂದುಗಳು ತೆರೆದಿರುತ್ತವೆ. ಐದನೆಯದರವರೆಗೆ ಇಳಿದಿದ್ದರೆ ಅವಕಾಶ ಬಲು ಕಿರಿದು. ಪೊರೆಯ ಹೊರಗೆ ಕೊಟ್ಟ ಔಷಧ ಹಳೆಯ ಗಾಯದ ಕಲೆಗಟ್ಟಿದ ಜಾಗಗಳಲ್ಲಿ ಹರಿಯದೆ, ಒಂದು ಮಗ್ಗುಲು ಜಡವಾಗಿ ಇನ್ನೊಂದು ಮಗ್ಗುಲಿನ ನೋವು ಹಾಗೆಯೇ ಉಳಿಯುವುದುಂಟು. ಪೊರೆಯೊಳಗಿನ ದ್ರವಕ್ಕೇ ಔಷಧ ಸೇರಿಸಿದರೆ ಈ ಅಡ್ಡಿ ಬಹುಮಟ್ಟಿಗೆ ತಪ್ಪುತ್ತದೆ. ಯಾವುದೂ ಆಗದಿದ್ದಲ್ಲಿ ಪೂರ್ಣ ಅರಿವಳಿಕೆ ಇದ್ದೇ ಇದೆ. ಇದನ್ನೆಲ್ಲ ನಿರ್ಧರಿಸಲು ವೈದ್ಯನಿಗೆ ಬೇಕಾದುದು ಎರಡೇ: ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಮತ್ತು ಗರ್ಭಕ್ಕೆ ಮುಂಚೆ ತೆಗೆದ ಕ್ಷಕಿರಣದ ಚಿತ್ರ.

ಇವೆರಡೂ ನಮ್ಮಲ್ಲಿ ಬೇಕಾದ ಹೊತ್ತಿಗೆ ಸಿಕ್ಕದಿರುವುದಕ್ಕೆ ಕಾರಣವನ್ನು ವೈದ್ಯಶಾಸ್ತ್ರದಲ್ಲಿ ಹುಡುಕಬೇಕಾಗಿಲ್ಲ. ಸಂಬಂಧ ಕುದುರಿಸುವಾಗ ಹುಡುಗಿಯ ಬೆನ್ನಿನ ಸುದ್ದಿಯನ್ನು ಮುಚ್ಚಿಡುವ ಮನೆಗಳುಂಟು. ಮುಚ್ಚಿಟ್ಟವರು ಕಾಗದಪತ್ರಗಳನ್ನು ಗಂಡನ ಮನೆಗೆ ಕಳುಹಿಸುವುದೆಲ್ಲಿ ಬಂತು? ಸೀಮಂತ ಮುಗಿಸಿ ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವ ಪದ್ಧತಿಯಿಂದ ಕೊನೆಯ ತಿಂಗಳುಗಳಲ್ಲಿ ವೈದ್ಯರೂ ಬದಲಾಗುತ್ತಾರೆ. ಹೀಗಿರಲಾಗಿ, ಅರಿವಳಿಕೆ ಕೊಡುವವನು ಆ ಬೆನ್ನನ್ನು ಮೊದಲು ಕಾಣುವುದು ನಡುರಾತ್ರಿ, ನೋವು ತುಂಬಿದ ಹೊತ್ತಿನಲ್ಲಿ. ಬ್ರಿಟಿಷ್ ರಾಜಮನೆತನದ ಯೂಜನಿ 12ನೆಯ ವಯಸ್ಸಿನಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಗೆ ಒಳಗಾದವರು. 2018ರಲ್ಲಿ ತಮ್ಮ ಮದುವೆಯ ದಿನ ಗಾಯದ ಕಲೆ ಕಾಣುವಂಥ ಉಡುಪನ್ನೇ ಬೇಕೆಂದು ತೊಟ್ಟರು, 2021ರಲ್ಲಿಯೂ 2023ರಲ್ಲಿಯೂ ತಾಯಿಯಾದರು. ನಮ್ಮ ಮನೆಗಳಲ್ಲಿ ಕಲೆಯನ್ನು ತೋರಿಸಬೇಕೆಂದು ಯಾರೂ ಕೇಳುತ್ತಿಲ್ಲ; ಟಿಪ್ಪಣಿಯ ಪ್ರತಿಯೊಂದು ಬಸುರಿಯ ಕೈಚೀಲದಲ್ಲಿದ್ದರೆ ಸಾಕು, ಏಳೆಂಟನೆಯ ತಿಂಗಳೊಳಗೆ ಅರಿವಳಿಕೆಯ ವೈದ್ಯರು ಒಮ್ಮೆ ಆಕೆಯನ್ನು ನೋಡಿದರೆ ಸಾಕು.

ಹುಟ್ಟುವ ಮಗುವಿಗೂ ಇದು ಬಂದೀತೇ ಎಂದು ತಾಯಂದಿರು ಕೇಳುವುದುಂಟು. ಈ ವಕ್ರತೆ ವಂಶದಲ್ಲಿ ಹರಿಯುವ ಒಲವು ತೋರುತ್ತದೆಯಾದರೂ ಬಹುಪಾಲು ಮಕ್ಕಳಿಗೆ ಬರುವುದಿಲ್ಲ. ಬಂದರೂ ತಾಯಿಯಷ್ಟೇ ತೀವ್ರವಾಗಿರಬೇಕೆಂಬ ನಿಯಮವಿಲ್ಲ. ಮಗುವಿಗೆ ಹತ್ತು ವರ್ಷ ತುಂಬಿದ ಮೇಲೆ, ಕಾಲು ಜೋಡಿಸಿ ನಿಲ್ಲಿಸಿ, ಕೈಗಳನ್ನು ಇಳಿಬಿಟ್ಟು ಮುಂದಕ್ಕೆ ಬಾಗಲು ಹೇಳಿ, ಹಿಂದಿನಿಂದ ಬೆನ್ನನ್ನು ನೋಡಬೇಕು. ಒಂದು ಮಗ್ಗುಲಿನ ಪಕ್ಕೆಲುಬು ಇನ್ನೊಂದಕ್ಕಿಂತ ಎತ್ತರವಾಗಿ ಕಂಡರೆ ವೈದ್ಯರಿಗೆ ತೋರಿಸತಕ್ಕದ್ದು. ಎಲುಬು ಬೆಳೆಯುತ್ತಿರುವ ಆ ವಯಸ್ಸಿನಲ್ಲಿ ಕಟ್ಟುವ ಪಟ್ಟಿ ಅನೇಕರಲ್ಲಿ ಡೊಂಕನ್ನು ಮುಂದುವರಿಯದಂತೆ ತಡೆಯುತ್ತದೆ.